ಲ್ಯಾಮಿನೇಷನ್ ಮೆಷಿನ್ನಿಗೆ ಗ್ರೀಸ್, ಚೈನ್, ಪ್ರೆಶರ್: ಒಂದು ರಿಪೇರಿ ದಾಖಲೆ

ನೋಟ್‌ಬುಕ್ ಸೀಸನ್ ಶುರುವಾಗುವ ಹೊತ್ತಿಗೇ ನಮ್ಮ 30 ಇಂಚಿನ ಥರ್ಮಲ್ ಲ್ಯಾಮಿನೇಷನ್ ಮೆಷಿನ್ (ಪ್ರಿಂಟ್ ಆದ ಶೀಟಿಗೆ ಬಿಸಿಯಲ್ಲಿ ಒತ್ತಿ ಪ್ಲಾಸ್ಟಿಕ್ ಫಿಲ್ಮ್ ಅಂಟಿಸುವುದು) ಮೂರು ತೊಂದರೆ ಒಟ್ಟಿಗೆ ಕೊಡತೊಡಗಿತು. ಶೀಟಿನ ಬಲಗಡೆ ಫಿಲ್ಮ್ ಪೂರ್ತಿ ಕೂರದೆ ಬೆಳ್ಳಿ ಬೆಳ್ಳಿ ಚುಕ್ಕೆ. ಎಡ ಅಂಚಿನಲ್ಲಿ ಎರಡು ಬೆರಳಗಲ ಫಿಲ್ಮ್ ಉಗುರಿಗೇ ಎದ್ದು ಬರುತ್ತಿತ್ತು. ಇಡೀ ಶೀಟಿಗೆ ಅಡ್ಡಡ್ಡ ಸಣ್ಣ ಗೆರೆಗಳು. ಅವು ಟ್ಯೂಬ್‌ಲೈಟಿಗೆ ಓರೆ ಹಿಡಿದರೆ ಮಾತ್ರ ಕಾಣುತ್ತಿದ್ದವು.

ಇಂಥ ಹೊತ್ತಲ್ಲಿ ಎಲ್ಲ ಕಡೆ ಏನು ಮಾಡುತ್ತಾರೋ ಅದೇ ಇಲ್ಲೂ ನಡೆದಿತ್ತು. ರೋಲರ್ ಒತ್ತುವ ಗಾಳಿಯ ಪ್ರೆಶರ್ 4 ಬಾರ್ ಇದ್ದದ್ದು 6 ಬಾರ್ ಆಯಿತು. 105 ಡಿಗ್ರಿ ಇದ್ದ ಹೀಟ್ 120 ಆಯಿತು. ಶೀಟ್ ಸುರುಳಿ ಸುತ್ತಿಕೊಳ್ಳತೊಡಗಿತು, ಸುಕ್ಕೂ ಬಂತು. ಮೊದಲಿದ್ದ ಮೂರೂ ತೊಂದರೆ ಹಾಗೇ ಉಳಿದವು.

ನಮ್ಮ ಯೂನಿಟ್ ಬೆಂಗಳೂರಿನ ಕಾಮಾಕ್ಷಿಪಾಳ್ಯದಲ್ಲಿದೆ. ಮೆಷಿನ್ ಹಳೆಯದು, ಗಟ್ಟಿಮುಟ್ಟು. 200 ಮಿ.ಮೀ. ವ್ಯಾಸದ ಕ್ರೋಮ್ ರೋಲರ್, ಒಳಗೆ ಹೀಟರ್. ಅದರ ಕೆಳಗೆ 120 ಮಿ.ಮೀ. ಸಿಲಿಕೋನ್ ರಬ್ಬರ್ ರೋಲರ್. ಎರಡು ಆರ್ಮ್, ಎರಡು ಏರ್ ಸಿಲಿಂಡರ್ ಸೇರಿ ರಬ್ಬರ್ ರೋಲರನ್ನು ಮೇಲಕ್ಕೆ ಒತ್ತುತ್ತವೆ. 1440 ಆರ್‌ಪಿಎಂ ಮೋಟಾರ್, 1:30 ವರ್ಮ್ ಗೇರ್ ಬಾಕ್ಸ್, ಅಲ್ಲಿಂದ ಅರ್ಧ ಇಂಚಿನ ಚೈನ್, 19 ಹಲ್ಲಿನಿಂದ ಕ್ರೋಮ್ ರೋಲರಿನ 38 ಹಲ್ಲಿನ ಸ್ಪ್ರಾಕೆಟ್ಟಿಗೆ (ಚೈನ್ ಕೂರುವ ಹಲ್ಲಿನ ಚಕ್ರಕ್ಕೆ). ಪೂರ್ತಿ ಸ್ಪೀಡಿನಲ್ಲಿ ನಿಮಿಷಕ್ಕೆ 15 ಮೀಟರ್ ಓಡುತ್ತದೆ.

ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆದಿದ್ದೇನೆ. ಇಂಥ ಮೆಷಿನ್ ಇಟ್ಟುಕೊಂಡವರಿಗೆ ಕ್ರಮವೇ ಮುಖ್ಯ. ಮೊದಲು ಒರೆಸಿ, ಆಮೇಲೆ ಎಣ್ಣೆ–ಗ್ರೀಸ್ ಕೊಟ್ಟು, ಕೊನೆಗೆ ಬೋಲ್ಟ್ ಮುಟ್ಟಬೇಕು. ಒಣಗಿ ಹಿಡಿದುಕೊಂಡ ಮೆಷಿನ್ನಿನಲ್ಲಿ ಮಾಡಿದ ಅಡ್ಜಸ್ಟ್‌ಮೆಂಟ್ ನಿಲ್ಲುವುದಿಲ್ಲ.

1. ಶುಕ್ರವಾರ ಸಂಜೆ: ಗೆರೆ ಅಳೆದಿದ್ದು

ಮೆಷಿನ್ ನಿಲ್ಲಿಸುವ ಮೊದಲು ಕೆಟ್ಟ ಶೀಟುಗಳನ್ನು ಟೇಬಲ್ ಮೇಲೆ ಹರಡಿ ಸ್ಕೇಲ್ ಇಟ್ಟೆ. ಒಂದೊಂದೇ ಗೆರೆಯ ನಡುವೆ ಅಳೆದರೆ ತಪ್ಪು ಜಾಸ್ತಿ. ಹಾಗಾಗಿ 20 ಗೆರೆಗಳ ಉದ್ದವನ್ನು ಒಟ್ಟಿಗೆ ಅಳೆದೆ: 330 ಮಿ.ಮೀ. ಅಂದರೆ ಗೆರೆಯಿಂದ ಗೆರೆಗೆ 16.5 ಮಿ.ಮೀ.

ಈ ಅಂಕಿ ಬಹಳ ಹೇಳುತ್ತದೆ. ರಬ್ಬರ್ ರೋಲರಿನಲ್ಲಿ ತಗ್ಗು ಬಿದ್ದಿದ್ದರೆ ಗುರುತು ಪ್ರತಿ 377 ಮಿ.ಮೀ.ಗೆ ಬರಬೇಕು (120 × 3.14). ಕ್ರೋಮ್ ರೋಲರಿನದಾದರೆ 628 ಮಿ.ಮೀ.ಗೆ. ಈ 628ನ್ನು 38 ಹಲ್ಲಿಗೆ ಭಾಗಿಸಿ ನೋಡಿ: 16.5. ಚೈನ್ ಹಲ್ಲಿನಿಂದ ಹಲ್ಲಿಗೆ ಜಗ್ಗಿ ಓಡುತ್ತಿದೆ, ಆ ಜಗ್ಗು ರೋಲರಿಗೆ ಹೋಗಿ ಫಿಲ್ಮ್ ಮೇಲೆ ಅಚ್ಚಾಗುತ್ತಿದೆ. ಪ್ರೆಶರ್ ಎಷ್ಟು ಏರಿಸಿದರೂ ಇದು ಹೋಗುವುದಿಲ್ಲ, ಅಲ್ವಾ? ಒತ್ತಡ ಹೆಚ್ಚಾದಷ್ಟೂ ಚೈನಿನ ಮೇಲೆ ಭಾರ ಹೆಚ್ಚು, ಗೆರೆಯೂ ಹೆಚ್ಚು.

ಆಪರೇಟರ್ ಸಲೀಂ ಭಾಯ್ ಲೆಕ್ಕ ನೋಡಿ, "ಅಣ್ಣ, ಹಾಗಾದ್ರೆ ಎಡ ಅಂಚು ಬಿಡೋದೂ ಚೈನಿಂದಲೇನಾ?" ಅಂದರು. ಅಲ್ಲ. ಅದು ಬೇರೆ. ಎಡ ಅಂಚಿನ ಶೀಟನ್ನು ಮೂಗಿನ ಹತ್ತಿರ ಹಿಡಿದರೆ ಗ್ರೀಸಿನ ವಾಸನೆ ಬರುತ್ತಿತ್ತು.

2. ಶನಿವಾರ ರಾತ್ರಿ, ಭಾನುವಾರ ಬೆಳಿಗ್ಗೆ: ಬೀಗ ಹಾಕಿದ್ದು

ಕೊನೆಯ ಜಾಬ್ ಮುಗಿದ ಮೇಲೆ ಹೀಟರ್ ಆಫ್ ಮಾಡಿ, ಪ್ರೆಶರ್ ಇಳಿಸಿ, ರೋಲರ್ ಖಾಲಿ ತಿರುಗಲು ಬಿಟ್ಟೆವು. ಬಿಸಿ ರೋಲರನ್ನು ಒಮ್ಮೆಲೇ ನಿಲ್ಲಿಸಬಾರದು. ರಬ್ಬರನ್ನು ಅದಕ್ಕೆ ಒತ್ತಿಟ್ಟೇ ನಿಲ್ಲಿಸುವುದಂತೂ ಕೂಡದು, ಒತ್ತಿದ ಜಾಗ ಹಾಗೇ ಚಪ್ಪಟೆಯಾಗಿ ಉಳಿಯುತ್ತದೆ. 60 ಡಿಗ್ರಿಗೆ ಇಳಿದ ಮೇಲೆ ನಿಲ್ಲಿಸಿ, ರಾತ್ರಿಯಿಡೀ ಆರಲು ಬಿಟ್ಟೆವು.

ಭಾನುವಾರ ಬೆಳಿಗ್ಗೆ ಪಾನಾ ಕೈಗೆ ತೆಗೆದುಕೊಳ್ಳುವ ಮೊದಲು ಮಾಡಿದ್ದು ಇಷ್ಟು.

ಗೋಡೆಯ ಮೇನ್ ಐಸೊಲೇಟರ್ (ಕರೆಂಟನ್ನು ಪೂರ್ತಿ ಕತ್ತರಿಸುವ ಸ್ವಿಚ್) ಆಫ್ ಮಾಡಿ, ಅದರ ಹಿಡಿಗೆ ಬೀಗ. ಬೀಗಕ್ಕೆ ಒಂದೇ ಕೀ, ಅದು ನನ್ನ ಜೇಬಿನಲ್ಲಿ. ಬೀಗದ ಜೊತೆ ಒಂದು ರಟ್ಟು: "ಮೆಷಿನ್ ಒಳಗೆ ಕೈ ಇದೆ. ಹಾಕಬೇಡಿ." ಎಮರ್ಜೆನ್ಸಿ ಬಟನ್ ಒತ್ತಿ ಬಿಟ್ಟರೆ ಸಾಲದು. ಅದು ಕಂಟ್ರೋಲ್ ಲೈನನ್ನು ಮಾತ್ರ ಕತ್ತರಿಸುತ್ತದೆ, ಯಾರೋ ತಿರುಗಿಸಿ ಬಿಟ್ಟರೆ ಮುಗೀತು.

ಆಮೇಲೆ ಸ್ಟಾರ್ಟ್ ಬಟನ್ ಒತ್ತಿ ನೋಡಿದೆವು. ಏನೂ ಆಗಲಿಲ್ಲ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಪಾಯಿಂಟಿನಲ್ಲಿ ಹಿಡಿದು, ಅದು ಕೆಲಸ ಮಾಡುತ್ತಿದೆ ಎಂದು ಖಾತ್ರಿ ಮಾಡಿಕೊಂಡು, ನಂತರ ಮೂರೂ ಫೇಸ್ ನೋಡಿದೆ. ಸ್ಪೀಡ್ ಡ್ರೈವಿನ ಒಳಗೆ ಕೆಪಾಸಿಟರ್ ಇರುತ್ತವೆ, ಕರೆಂಟ್ ಹೋದ ಮೇಲೂ ಕೆಲವು ನಿಮಿಷ ಚಾರ್ಜ್ ಹಿಡಿದಿರುತ್ತವೆ. ನಮಗೆ ಅದನ್ನು ಬಿಚ್ಚುವ ಕೆಲಸ ಇರಲಿಲ್ಲ, ಮುಟ್ಟಲಿಲ್ಲ.

ಕರೆಂಟ್ ನೆನಪಿರುವವರು ಗಾಳಿ ಮರೆಯುತ್ತಾರೆ. ಕಂಪ್ರೆಸರ್ ಲೈನಿನ ವಾಲ್ವ್ ಮುಚ್ಚಿ, ಮೆಷಿನ್ ಕಡೆ ಉಳಿದ ಗಾಳಿಯನ್ನು ಹೊರಗೆ ಬಿಟ್ಟು, ಗೇಜ್ ಮುಳ್ಳು ಸೊನ್ನೆಗೆ ಬರುವುದನ್ನು ಕಣ್ಣಾರೆ ನೋಡಿದೆವು. ಗಾಳಿ ಹೋದರೆ ನಮ್ಮ ರಬ್ಬರ್ ರೋಲರ್ ಕೆಳಗೆ ಕೂರುತ್ತದೆ. ಅದರ ಎರಡೂ ಆರ್ಮ್ ಕೆಳಗೆ ಮರದ ದಿಮ್ಮಿ ಕೊಟ್ಟೆವು. ರೋಲರ್ ಒಂದೇ 40 ಕೆ.ಜಿ. ತೂಗುತ್ತದೆ.

ಹೆಲ್ಪರ್ ಮಂಜನ ಕೈಯಲ್ಲಿ ದೇವಸ್ಥಾನದ ಕೆಂಪು ದಾರ ಇತ್ತು, ದಪ್ಪನೆಯದು. ಬಿಚ್ಚಲು ಅವನಿಗೆ ಮನಸ್ಸಿರಲಿಲ್ಲ. ಕೈಯಿಂದ ಬಿಚ್ಚಿ ಸೊಂಟದ ಉಡಿದಾರಕ್ಕೆ ಕಟ್ಟಿಕೊಳ್ಳಲು ಹೇಳಿದೆ, ಒಪ್ಪಿದ. ಕೊರಳಿನ ಟ್ಯಾಗ್, ಉಂಗುರ, ವಾಚ್, ಟವೆಲ್ ಎಲ್ಲವೂ ಹೊರಗೆ. ತಿರುಗುವ ಮೆಷಿನ್ ಹತ್ತಿರ ಕೆಲಸ ಮಾಡುವವರಿಗೆ ಬಿಗಿಯಾದ ಬಟ್ಟೆ ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 22ನೇ ಸೆಕ್ಷನ್ನಿನಲ್ಲೇ ಬರೆದಿದ್ದರು. ಯಾಕೆ ಬರೆದರು ಅನ್ನುವುದು ಎರಡು ರೋಲರ್ ಒಳಮುಖವಾಗಿ ತಿರುಗುವ ಬಾಯಿಯನ್ನು ಒಂದು ಸಲ ಹತ್ತಿರದಿಂದ ನೋಡಿದವರಿಗೆ ಗೊತ್ತು. ದಾರದ ತುದಿ ಸಿಕ್ಕಿದರೆ ಸಾಕು, ಕೈ ಹಿಂದೆ ಎಳೆದುಕೊಳ್ಳಲು ಟೈಮ್ ಇರುವುದಿಲ್ಲ.

3. ಒರೆಸಿದ್ದು

ಆಫ್‌ಸೆಟ್ ಪ್ರಿಂಟಿಂಗ್‌ನಲ್ಲಿ ಶೀಟ್ ಒಂದಕ್ಕೊಂದು ಅಂಟದಿರಲಿ ಎಂದು ಸ್ಪ್ರೇ ಪೌಡರ್ ಹೊಡೆಯುತ್ತಾರಲ್ಲ, ಅದು ಶೀಟಿನ ಜೊತೆ ನಮ್ಮ ಮೆಷಿನ್ನಿಗೂ ಬರುತ್ತದೆ. ಚೈನಿನ ಎಣ್ಣೆ ಜೊತೆ ಸೇರಿ ಬೂದು ಬಣ್ಣದ ಹಿಟ್ಟಾಗುತ್ತದೆ. ಆ ಹಿಟ್ಟು ಎಣ್ಣೆಯನ್ನು ಒಳಗೆ ಬಿಡದೆ ಲೋಹವನ್ನು ಉಜ್ಜುತ್ತಾ ಕೂರುತ್ತದೆ. ಮೇಲಿಂದ ಮೇಲೆ ಎಣ್ಣೆ ಹಾಕಿದರೆ ಹಿಟ್ಟು ಇನ್ನಷ್ಟು ದಪ್ಪವಾಗುತ್ತದೆ, ಅಷ್ಟೇ.

ಚೈನ್ ಗಾರ್ಡ್ ಬಿಚ್ಚಿದಾಗ ಗೇರ್ ಬಾಕ್ಸ್ ಕಡೆಯ ಚಿಕ್ಕ ಸ್ಪ್ರಾಕೆಟ್ ಹಿಂದೆ ಸೇವಂತಿಗೆ ಹಾರದ ದಾರ ಸುತ್ತಿಕೊಂಡಿತ್ತು. ಆಯುಧಪೂಜೆಯದು. ಹೂವು ಉದುರಿ ಹೋಗಿ ನೂಲು ಮಾತ್ರ ಎಣ್ಣೆಯಲ್ಲಿ ನೆನೆದು, ಶಾಫ್ಟಿಗೂ ಆಯಿಲ್ ಸೀಲಿಗೂ ನಡುವೆ ಕಚ್ಚಿಕೊಂಡಿತ್ತು. ಬ್ಲೇಡ್ ಹಾಕದೆ ಇಕ್ಕಳದಲ್ಲಿ ಎಳೆ ಎಳೆಯಾಗಿ ತೆಗೆದೆವು, ಬ್ಲೇಡ್ ತಾಗಿದರೆ ಸೀಲ್ ಹರಿಯುತ್ತದೆ. ಈ ವರ್ಷದಿಂದ ಹಾರ ಮೆಷಿನ್ನಿನ ಫ್ರೇಮಿಗೆ ಮಾತ್ರ, ತಿರುಗುವ ಯಾವುದಕ್ಕೂ ಬೇಡ ಎಂದು ಓನರ್ ಒಪ್ಪಿದ್ದಾರೆ.

ಸೀಮೆಎಣ್ಣೆ, ಬ್ರಷ್ ಬಳಸಿದ್ದು ಮೆಷಿನ್ ಪೂರ್ತಿ ತಣ್ಣಗಿದ್ದಾಗ ಮಾತ್ರ. ಬಿಸಿ ರೋಲರ್ ಹತ್ತಿರ ಅದನ್ನು ತರಬಾರದು. ಕಾಟನ್ ವೇಸ್ಟ್ ಬದಲು ಹಳೇ ಬನಿಯನ್ ಬಟ್ಟೆ ಬಳಸಿದೆವು. ವೇಸ್ಟಿನ ನೂಲು ಬೇರಿಂಗಿಗೆ ಹೋಗುತ್ತದೆ.

4. ಎಡ ಬೇರಿಂಗ್: ಗ್ರೀಸ್ ಜಾಸ್ತಿಯಾಗಿದ್ದು

ಕ್ರೋಮ್ ರೋಲರಿನ ಎರಡೂ ತುದಿಗೆ 6210 ಸಿ3 ಬೇರಿಂಗ್. ಸಿ3 ಅಂದರೆ ಒಳಗೆ ಸ್ವಲ್ಪ ಜಾಸ್ತಿ ಸಡಿಲ, ಬಿಸಿಗೆ ಹಿಗ್ಗಿದಾಗ ಬಿಗಿಯಾಗದಿರಲಿ ಎಂದು. ಬದಲಾಯಿಸುವಾಗ ಸುಮ್ನೆ 6210 ತಂದು ಹಾಕಿದರೆ ಸ್ವಲ್ಪ ದಿನಕ್ಕೆ ಕೂಗತೊಡಗುತ್ತದೆ.

ಎಡ ಬೇರಿಂಗಿನ ಕವರ್ ಬಿಚ್ಚಿದರೆ ಒಳಗೆ ಗ್ರೀಸ್ ಕಿಕ್ಕಿರಿದು ತುಂಬಿತ್ತು. ಹೊರಗಿನ ಪದರ ಹಳದಿ, ಒಳಗಿನದು ಕಪ್ಪು, ಮಧ್ಯೆ ಎಣ್ಣೆ ಬೇರೆಯಾಗಿ ನಿಂತಿತ್ತು. ಎರಡು ಬೇರೆ ಬೇರೆ ಜಾತಿಯ ಗ್ರೀಸ್ ಸೇರಿದರೆ ಹೀಗೆ ಆಗುವುದುಂಟು. ಕೆಲವು ಒಂದಕ್ಕೊಂದು ಹೊಂದುವುದಿಲ್ಲ, ತೆಳ್ಳಗಾಗಿ ಸೋರುತ್ತವೆ. ಮೇಲಾಗಿ "ಹೊರಗೆ ಬರೋ ತನಕ ಹೊಡಿ" ಅನ್ನುವ ಅಭ್ಯಾಸ. ತುಂಬಿ ತುಳುಕಿದ ಗ್ರೀಸಿನಲ್ಲಿ ಬೇರಿಂಗ್ ಓಡಿದರೆ ಗ್ರೀಸ್ ಕಡೆದು ಕಡೆದು ಬಿಸಿಯೇರುತ್ತದೆ, ಸೀಲ್ ದಾಟಿ ಹೊರಗೆ ಬರುತ್ತದೆ. ಇಲ್ಲಿ ಹಾಗೇ ಹೊರಗೆ ಬಂದದ್ದು ರೋಲರ್ ತುದಿಗೆ ಹರಿದು, ಅಲ್ಲಿಂದ ರಬ್ಬರ್ ರೋಲರಿಗೆ ಹತ್ತಿತ್ತು. ಎಡ ಅಂಚಿನಲ್ಲಿ ಫಿಲ್ಮ್ ಬಿಡುತ್ತಿದ್ದದ್ದು ಇದಕ್ಕೇ. ಗ್ರೀಸ್ ಹತ್ತಿದ ಶೀಟಿಗೆ ಯಾವ ಹೀಟಿನಲ್ಲೂ ಫಿಲ್ಮ್ ಹಿಡಿಯುವುದಿಲ್ಲ.

ಹಳೆಯದನ್ನು ಮರದ ಕಡ್ಡಿಯಲ್ಲಿ ತೆಗೆದು, ಬ್ರಷ್ಷಿನಲ್ಲಿ ಸೀಮೆಎಣ್ಣೆ ಹಚ್ಚಿ ತೊಳೆದು, ಒಣಗಲು ಬಿಟ್ಟೆವು. ಮಂಜ ಏರ್ ಗನ್ ತಂದ. ಬೇಡ ಎಂದೆ. ಗಾಳಿ ಹೊಡೆದು ಒಣ ಬೇರಿಂಗನ್ನು ಗಿರಗಿರ ತಿರುಗಿಸಿದರೆ ಬಾಲ್‌ಗಳಿಗೂ ಪೆಟ್ಟು, ಸಿಡಿದರೆ ಮುಖಕ್ಕೂ ಪೆಟ್ಟು.

ಎಷ್ಟು ಗ್ರೀಸ್ ಬೇಕು? ಮತ್ತೆ ಮತ್ತೆ ಕೊಡುವಾಗಿನ ಲೆಕ್ಕ ಸುಲಭ: ಬೇರಿಂಗಿನ ಹೊರ ವ್ಯಾಸ × ಅಗಲ × 0.005, ಉತ್ತರ ಗ್ರಾಂನಲ್ಲಿ. 6210ಕ್ಕೆ 90 × 20 × 0.005 = 9 ಗ್ರಾಂ. ರಬ್ಬರ್ ರೋಲರಿನ 6207ಕ್ಕೆ 72 × 17 × 0.005 = ಸುಮಾರು 6 ಗ್ರಾಂ. ಗ್ರೀಸ್ ಗನ್ನಿನ ಒಂದು ಹೊಡೆತಕ್ಕೆ ಎಷ್ಟು ಬರುತ್ತದೆ ಎಂದು ಗನ್ನಿನ ಮೇಲೆ ಬರೆದಿರುವುದಿಲ್ಲ. ಡಿಸ್‌ಪ್ಯಾಚ್‌ನ ಸಣ್ಣ ತಕ್ಕಡಿ ಮೇಲೆ ಕಾಗದ ಇಟ್ಟು 10 ಹೊಡೆತ ಹೊಡೆದೆ: 11 ಗ್ರಾಂ. ಅಂದರೆ 6210ಕ್ಕೆ 8 ಹೊಡೆತ, 6207ಕ್ಕೆ 5ರಿಂದ 6. ಈ ಅಂಕಿಯನ್ನು ಮಾರ್ಕರಿನಲ್ಲಿ ಗಾರ್ಡ್ ಮೇಲೇ ಬರೆದೆ. ಈ ಸಲ ಪೂರ್ತಿ ಬಿಚ್ಚಿ ತೊಳೆದಿದ್ದರಿಂದ ಬೇರಿಂಗ್ ಒಳಗೆ ಕೈಯಲ್ಲೇ ಒತ್ತಿ ತುಂಬಿ, ಹೌಸಿಂಗಿನ (ಬೇರಿಂಗ್ ಕೂರುವ ಗೂಡಿನ) ಖಾಲಿ ಜಾಗದಲ್ಲಿ ಮೂರನೇ ಒಂದು ಭಾಗಕ್ಕೆ ಮಾತ್ರ ಹಚ್ಚಿದೆವು.

ಗ್ರೀಸ್ ಲಿಥಿಯಂ ಕಾಂಪ್ಲೆಕ್ಸ್, 2ನೇ ನಂಬರ್. ಕ್ಯಾಲ್ಸಿಯಂ ಸೋಪಿನ ಹಳೇ ಕಪ್ ಗ್ರೀಸ್ ಅಗ್ಗ ಎಂದು ಕೆಲವರು ತರುತ್ತಾರೆ. ಅದು 100 ಡಿಗ್ರಿ ಹತ್ತಿರ ಕರಗಿ ಇಳಿಯುತ್ತದೆ, ಬಿಸಿ ರೋಲರಿಗೆ ತರಲೇಬಾರದು. ನಮ್ಮ ಹೌಸಿಂಗ್ ಓಡುವಾಗ 85 ಡಿಗ್ರಿ ಇರುತ್ತದೆ. 70 ಡಿಗ್ರಿ ದಾಟಿದ ಮೇಲೆ ಪ್ರತಿ 15 ಡಿಗ್ರಿಗೆ ಗ್ರೀಸ್ ಕೊಡುವ ಅವಧಿ ಅರ್ಧಕ್ಕೆ ಇಳಿಸಬೇಕು ಅನ್ನುವುದು ಬೇರಿಂಗ್‌ನವರ ಲೆಕ್ಕ. ಬಿಸಿ ರೋಲರಿಗೆ ತಿಂಗಳಿಗೊಮ್ಮೆ, ತಣ್ಣನೆಯವಕ್ಕೆ ಎರಡು ತಿಂಗಳಿಗೊಮ್ಮೆ ಎಂದು ಗೊತ್ತು ಮಾಡಿದೆವು.

ಇನ್ನೊಂದು ಕೆಲಸ ಜೊತೆಗೇ ಆಯಿತು. ಗಾರ್ಡ್ ಒಳಗಿದ್ದ ನಿಪ್ಪಲ್‌ಗಳನ್ನು (ಗ್ರೀಸ್ ಗನ್ ಹಿಡಿಯುವ ಬಾಯಿಗಳನ್ನು) 6 ಮಿ.ಮೀ. ತಾಮ್ರದ ಪೈಪ್ ಹಾಕಿ ಫ್ರೇಮಿನ ಹೊರಗೆ ತಂದೆವು. ಇನ್ನು ಗ್ರೀಸಿಗಾಗಿ ಯಾರೂ ಗಾರ್ಡ್ ಬಿಚ್ಚಬೇಕಿಲ್ಲ, ರೋಲರ್ ಹತ್ತಿರ ಕೈ ಹಾಕಬೇಕಿಲ್ಲ. ಈ ಕೆಲಸ ವರ್ಷಗಳ ಹಿಂದೆಯೇ ಆಗಬೇಕಿತ್ತು. ಪೈಪ್ ಜೋಡಿಸುವ ಮೊದಲು ಅದರೊಳಗೆ ಗ್ರೀಸ್ ತುಂಬಿಸಿ. 400 ಮಿ.ಮೀ. ಪೈಪ್ ತುಂಬಲೇ 4–5 ಗ್ರಾಂ ಬೇಕು, ಇಲ್ಲದಿದ್ದರೆ ಮೊದಲ ಸಲ ಹೊಡೆದ ಅರ್ಧ ಗ್ರೀಸ್ ಪೈಪಿನಲ್ಲೇ ಉಳಿದು ಬೇರಿಂಗ್ ಒಣಗುತ್ತದೆ.

ರಬ್ಬರ್ ರೋಲರಿನ ಎಡ ತುದಿಗೆ ಮಾತ್ರ ಒರೆಸಿದರೆ ಪ್ರಯೋಜನ ಇರಲಿಲ್ಲ. ಎಣ್ಣೆ ಹೀರಿ ರಬ್ಬರ್ ಉಬ್ಬಿತ್ತು. ಕ್ಯಾಲಿಪರ್ ಹಿಡಿದರೆ ನಡುವೆ 120.0, ಎಡ ತುದಿಯಲ್ಲಿ 120.6 ಮಿ.ಮೀ. ಗಡಸುತನ ನಡುವೆ 65 ಶೋರ್, ತುದಿಯಲ್ಲಿ 58. ರೋಲರ್ ಬಿಚ್ಚಿ ಪೀಣ್ಯದಲ್ಲಿ ಗ್ರೈಂಡಿಂಗ್‌ಗೆ ಕೊಡುವುದೆಂದು ತೀರ್ಮಾನಿಸಿದೆವು. ಅದಕ್ಕೆ ಮುಂಚೆ ಪ್ರೆಶರ್ ಒಂದು ಸಲ ನೋಡಿಬಿಡೋಣ ಎಂದು ಅಲ್ಲೇ ಬಿಟ್ಟೆವು.

5. ಚೈನ್

ಚೈನ್ ತೊಳೆದು, ಟೇಬಲ್ ಮೇಲೆ ಎಳೆದು ಹಿಡಿದು 40 ಕೊಂಡಿ ಅಳೆದೆ. ಹೊಸದಾದರೆ 40 × 12.7 = 508 ಮಿ.ಮೀ. ನಮ್ಮದು 520 ಇತ್ತು. ಶೇ. 2.4ರಷ್ಟು ಉದ್ದವಾಗಿದೆ. ಶೇ. 3ರ ತನಕ ಓಡಿಸಬಹುದು ಅನ್ನುವ ಲೆಕ್ಕ ಕನ್ವೇಯರ್‌ನಂಥ ಒರಟು ಕೆಲಸಕ್ಕೆ ಸರಿ. ಗೆರೆ ಕಾಣಬಾರದ ಕೆಲಸಕ್ಕೆ ನನ್ನ ಮಟ್ಟಿಗೆ ಶೇ. 2 ಕೊನೆ. ಕೆಲವು ಕೊಂಡಿ ಮಡಚಿದರೆ ಮಡಚಿದ ಹಾಗೇ ನಿಲ್ಲುತ್ತಿದ್ದವು. ಮೇಲೆಲ್ಲ ಎಣ್ಣೆ ಇದ್ದರೂ ಪಿನ್ ಒಳಗೆ ತುಕ್ಕು.

ಹೊಸ 08ಬಿ (ಅದೇ ಅರ್ಧ ಇಂಚಿನ) ಚೈನ್ 10 ಅಡಿ ಬಾಕ್ಸಿನಲ್ಲಿ ಬರುತ್ತದೆ, 240 ಕೊಂಡಿ. ನಮಗೆ 104 ಸಾಕು. ಸಮ ಸಂಖ್ಯೆ ಬಂತು, ಅರ್ಧ ಕೊಂಡಿಯ ತಂಟೆ ಇಲ್ಲ. ಚೈನಿನ ಎರಡು ತುದಿ ಸೇರಿಸುವ ಲಾಕ್ ಲಿಂಕಿನ ಕ್ಲಿಪ್ಪಿನ ಮುಚ್ಚಿದ ಬದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ತಿರುಗಾಮುರುಗಾ ಹಾಕಿದರೆ ಎಲ್ಲಾದರೂ ತಾಗಿದಾಗ ಕ್ಲಿಪ್ ಹಾರಿ ಹೋಗುತ್ತದೆ.

ಸ್ಪ್ರಾಕೆಟ್ ಹಲ್ಲು ಇನ್ನೂ ಚೆನ್ನಾಗಿದ್ದವು, ಕೊಕ್ಕೆಯ ಆಕಾರ ಬಂದಿರಲಿಲ್ಲ. ಎರಡರ ಮುಖಕ್ಕೂ ಉದ್ದ ಸ್ಟೀಲ್ ಪಟ್ಟಿ ಹಿಡಿದರೆ ಚಿಕ್ಕದು 1.5 ಮಿ.ಮೀ. ಒಳಗೆ ಸರಿದಿತ್ತು. ಗ್ರಬ್ ಸ್ಕ್ರೂ ಸಡಿಲಿಸಿ ಸಾಲಿಗೆ ತಂದೆವು.

ಬಿಗಿ ಎಷ್ಟು? ಎರಡು ಶಾಫ್ಟ್‌ಗಳ ನಡುವಿನ ದೂರದ ಶೇ. 2ರಿಂದ 4ರಷ್ಟು ಚೈನ್ ನಡುವೆ ಮೇಲೆ–ಕೆಳಗೆ ಆಡಬೇಕು. ನಮ್ಮದು 480 ಮಿ.ಮೀ., ಆದ್ದರಿಂದ 10ರಿಂದ 19 ಮಿ.ಮೀ. 12ಕ್ಕೆ ನಿಲ್ಲಿಸಿದೆ. ತಂತಿಯ ಹಾಗೆ ಬಿಗಿ ಮಾಡಿದರೆ ಗೇರ್ ಬಾಕ್ಸಿನ ಬೇರಿಂಗ್ ಸಾಯುತ್ತದೆ. ರೋಲರನ್ನು ತಿರುಗಿಸುತ್ತಾ ಮೂರು ನಾಲ್ಕು ಕಡೆ ನೋಡಿ, ಅತಿ ಬಿಗಿ ಇರುವ ಕಡೆ 12 ಸಿಗುವ ಹಾಗೆ ಲಾಕ್ ನಟ್ ಬಿಗಿದೆವು.

ತಿರುಗಿಸುವುದು ಹೇಗೆ, ಕರೆಂಟಿಗೆ ಬೀಗ ಇದೆಯಲ್ಲ? ಮೋಟಾರ್ ಮತ್ತು ಗೇರ್ ಬಾಕ್ಸ್ ನಡುವಿನ ಕಪ್ಲಿಂಗನ್ನು ಕೈಯಲ್ಲೇ ತಿರುಗಿಸಿದೆವು. 30 ಸುತ್ತು ಹಾಕಿದರೆ ಚಿಕ್ಕ ಸ್ಪ್ರಾಕೆಟ್ ಒಂದು ಸುತ್ತು. ನಿಧಾನ. ಆದರೆ ಇಲ್ಲೂ ಹುಷಾರ್. 1:30 ಗೇರಿನ ಹಿಂದೆ ಕೈಯ ಬಲವೇ ಸಾಕು, ಚೈನಿಗೂ ಹಲ್ಲಿಗೂ ನಡುವೆ ಬೆರಳು ಸಿಕ್ಕರೆ ತುಂಡಾಗುತ್ತದೆ. ತಿರುಗಿಸುವ ಸಲೀಂ ಭಾಯ್ "ತಿರುಗಿಸ್ತೀನಿ" ಅನ್ನಬೇಕು. ಚೈನ್ ಹತ್ತಿರ ಇರುವ ನಾನು ಎರಡೂ ಕೈ ಎತ್ತಿ ತೋರಿಸಿ "ಕೈ ಹೊರಗಿದೆ" ಅನ್ನಬೇಕು. ಉತ್ತರ ಬರುವ ತನಕ ಅವರು ಕಪ್ಲಿಂಗ್ ಮುಟ್ಟುವಂತಿಲ್ಲ. ಮಧ್ಯಾಹ್ನದ ತನಕ ಇಬ್ಬರೂ ಇದನ್ನು ಬಿಡದೆ ಹೇಳಿದೆವು.

ಎಣ್ಣೆ ವಿಜಿ 150 (ವಿಜಿ ಅಂದರೆ ಎಣ್ಣೆ ಎಷ್ಟು ದಪ್ಪ ಅನ್ನುವ ನಂಬರ್). ಕೆಳಗಿನ ಸಡಿಲ ಸಾಲಿನ ಒಳಮೈಗೆ, ಪಟ್ಟಿಗಳ ಸಂದಿಗೆ ಸಣ್ಣ ಬ್ರಷ್ಷಿನಲ್ಲಿ ಹಚ್ಚಿದೆವು. ಸವೆಯುವುದು ಪಿನ್ನು, ಅದರ ಸುತ್ತಲಿನ ಕೊಳವೆ ಅಂದರೆ ಬುಶ್ಶು. ಎಣ್ಣೆ ಸಂದಿಯಲ್ಲಿ ಇಳಿದರೆ ಮಾತ್ರ ಅಲ್ಲಿಗೆ ಮುಟ್ಟುತ್ತದೆ. ಹಚ್ಚಿ ಅರ್ಧ ಗಂಟೆ ಬಿಟ್ಟು, ಹೊರಗೆ ಉಳಿದಿದ್ದನ್ನು ಬಟ್ಟೆಯಲ್ಲಿ ಒರೆಸಿ ತೆಗೆದೆವು. ಹೊರಮೈ ಒದ್ದೆ ಇದ್ದರೆ ಪೌಡರ್ ಮತ್ತೆ ಹಿಡಿಯುತ್ತದೆ.

6. ಗೇರ್ ಬಾಕ್ಸ್

ಎಣ್ಣೆ ಕಪ್ಪಾಗಿತ್ತು, ಬೆಳಕಿಗೆ ಹಿಡಿದರೆ ಚಿನ್ನದ ಪುಡಿಯಂಥ ಹೊಳಪು. ಅದು ಕಂಚಿನ ಚಕ್ರದ ಪುಡಿ. ಸ್ವಲ್ಪ ಇದ್ದರೆ ಸಹಜ. ವರ್ಮ್ ಗೇರಿಗೆಂದೇ ಬರುವ ವಿಜಿ 460 ಎಣ್ಣೆ, 800 ಮಿ.ಲೀ. ಹಾಕಿದೆವು. ಲಾರಿ ಡಿಫರೆನ್ಷಿಯಲ್‌ಗೆ ಹಾಕುವ ಎಣ್ಣೆ ಸುರಿಯಬೇಡಿ. ಅದರಲ್ಲಿನ ಗಂಧಕದ ಅಂಶ ಬಿಸಿಯಲ್ಲಿ ಕಂಚನ್ನು ತಿನ್ನುತ್ತದೆ. ಮೇಲಿನ ಬ್ರೀದರ್ ತೂತು ಬಣ್ಣ ತುಂಬಿ ಮುಚ್ಚಿತ್ತು, ಸೂಜಿಯಲ್ಲಿ ಬಿಡಿಸಿದೆ. ಅದು ಮುಚ್ಚಿದರೆ ಒಳಗಿನ ಬಿಸಿ ಗಾಳಿ ಎಣ್ಣೆಯನ್ನು ಸೀಲಿನಿಂದ ಹೊರಗೆ ದೂಡುತ್ತದೆ.

7. ಪ್ರೆಶರ್: ಎಷ್ಟು ತಿರುಗಿಸಿದರೂ ನಿಲ್ಲದ ಬೋಲ್ಟ್

ಬಿಳಿ ಹಾಳೆ, ಅದರ ಮೇಲೆ ಕಾರ್ಬನ್ ಪೇಪರ್. ಎಡ, ನಡು, ಬಲ ಮೂರು ಕಡೆ ತಣ್ಣನೆಯ ರೋಲರ್‌ಗಳ ನಡುವೆ ಇಟ್ಟು, ಎಲ್ಲರೂ ಹಿಂದೆ ಸರಿದ ಮೇಲೆ ಗಾಳಿ ಕೊಟ್ಟು ಒತ್ತಿ ಬಿಡುವುದು. ಹಾಳೆಯ ಮೇಲೆ ಬಿದ್ದ ಕಪ್ಪು ಪಟ್ಟಿಯ ಅಗಲ ಅಳೆಯುವುದು. ನಮ್ಮಲ್ಲಿ ಪ್ರೆಶರಿಗೆ ಕೈ ವಾಲ್ವ್ ಇರುವುದರಿಂದ ಮೋಟಾರಿನ ಬೀಗ ತೆಗೆಯದೆಯೇ ಇದನ್ನು ಮಾಡಬಹುದು. ದಿಮ್ಮಿ ತೆಗೆದಿದ್ದು, ಗಾಳಿ ಬಿಟ್ಟಿದ್ದು ಈ ಒಂದು ಕೆಲಸಕ್ಕೆ ಮಾತ್ರ. ಹಾಳೆ ಇಡುವವನೇ ವಾಲ್ವ್ ತಿರುಗಿಸಬೇಕು, ಇನ್ನೊಬ್ಬರ ಕೈಗೆ ಕೊಡಬಾರದು.

4 ಬಾರ್‌ನಲ್ಲಿ ಎಡ 9, ನಡು 8, ಬಲ 5 ಮಿ.ಮೀ. ಎಡಗಡೆ ಉಬ್ಬಿದ ರಬ್ಬರ್, ಅದಕ್ಕೆ 9 ಅಂದುಕೊಂಡೆ. ಬಲಗಡೆಯ ಸಿಲಿಂಡರ್ ರಾಡಿನ ನಟ್ ಅರ್ಧ ಸುತ್ತು ಕೊಟ್ಟೆ. 7 ಬಂತು. ಖುಷಿಯಾಯಿತು. ಖಾತ್ರಿಗೆಂದು ಮತ್ತೆ ಒತ್ತಿದರೆ 5. ಮತ್ತೆ ಒತ್ತಿದರೆ 6. ಇನ್ನೂ ಕಾಲು ಸುತ್ತು ಕೊಟ್ಟರೂ ಒಂದೊಂದು ಸಲ ಒಂದೊಂದು ಅಳತೆ. ಸಲೀಂ ಭಾಯ್ ಇನ್ನೊಂದು ಸುತ್ತು ಕೊಟ್ಟು ನೋಡೋಣ ಎಂದರು. ಅಳತೆ ಒಂದೇ ಕಡೆ ನಿಲ್ಲದಿದ್ದರೆ ಬೋಲ್ಟ್ ತಿರುಗಿಸಿ ಫಲವಿಲ್ಲ. ಎಲ್ಲೋ ಏನೋ ಹಿಡಿದುಕೊಳ್ಳುತ್ತಿದೆ ಎಂದೇ ಅರ್ಥ.

ಗಾಳಿ ಪೂರ್ತಿ ಬಿಟ್ಟು, ಸಿಲಿಂಡರ್ ಪಿನ್ ತೆಗೆದು, ಒಂದೊಂದೇ ಆರ್ಮನ್ನು ಸಬ್ಬಲಿನಲ್ಲಿ ಮೀಟಿ ನೋಡಿದೆವು. ಎಡದ್ದು ಸಲೀಸಾಗಿ ಎದ್ದು ಕೂತಿತು. ಬಲದ್ದು ಏಳಲಿಲ್ಲ. ಜೋರಾಗಿ ಮೀಟಿದರೆ ಕಿರ್ ಎಂದು ಸದ್ದು ಮಾಡಿ ಎದ್ದು, ಅಲ್ಲೇ ನಿಂತುಬಿಟ್ಟಿತು. ಕೈ ಬಿಟ್ಟರೂ ಕೆಳಗೆ ಬರಲಿಲ್ಲ.

ಆರ್ಮ್ ತಿರುಗುವ ಪಿನ್ 25 ಮಿ.ಮೀ., ಅದಕ್ಕೊಂದು ಗನ್‌ಮೆಟಲ್ ಬುಶ್. ಬುಶ್ಶಿಗೆ ಗ್ರೀಸ್ ನಿಪ್ಪಲ್ ಇರಲೇಬೇಕಲ್ಲ, ಎಲ್ಲಿ? ಟಾರ್ಚ್ ಹಿಡಿದು ಹುಡುಕಿದರೆ ಹಸಿರು ಬಣ್ಣದ ಒಂದು ಸಣ್ಣ ಗುಬುಟು. ಆಯುಧಪೂಜೆಗೆ ಮುಂಚೆ ಮೆಷಿನ್ನಿಗೆ ಬಣ್ಣ ಹೊಡೆಸಿದ್ದರು. ನಿಪ್ಪಲ್ ಮೇಲೂ ಎರಡು ಕೋಟ್ ಬಿದ್ದಿತ್ತು. ಉಗುರಿನಲ್ಲಿ ಕೆರೆದರೆ ಬಣ್ಣ ಸಿಪ್ಪೆಯಾಗಿ ಬಂತು, ಒಳಗಿನ ಗುಂಡು ಕಚ್ಚಿಕೊಂಡಿತ್ತು. ನಿಪ್ಪಲ್ ಬಿಚ್ಚಿದರೆ ಹಿಂದಿನ ತೂತಿನಲ್ಲಿ ಗ್ರೀಸ್ ಒಣಗಿ ಮೇಣವಾಗಿತ್ತು. ಅಕ್ಟೋಬರಿನಿಂದ ಆ ಬುಶ್ಶಿಗೆ ಒಂದು ತೊಟ್ಟೂ ಹೋಗಿಲ್ಲ. ಬಲಗಡೆಯ ಬೆಳ್ಳಿ ಚುಕ್ಕೆ, 6 ಬಾರ್‌ಗೆ ಏರಿಸಿದ ಗಾಳಿ, ಸುಕ್ಕು, ಎಲ್ಲದರ ಬೇರು ಇಲ್ಲಿತ್ತು.

ಪಿನ್ನಿನ ಮೇಲೆ ಗೀರು ಬಿದ್ದಿದ್ದವು. 400 ನಂಬರ್ ಎಮರಿ ಹಾಳೆಯಲ್ಲಿ ನಯ ಮಾಡಿದೆವು. ಬುಶ್ ಅಂಡಾಕಾರ ಸವೆದಿತ್ತು. ಸೋಮವಾರ ಪಕ್ಕದ ರಸ್ತೆಯ ಲೇತ್ ಅಂಗಡಿಯಲ್ಲಿ ಹೊಸದು ಮಾಡಿಸಿದೆ. ಒಳಗೆ ಗ್ರೀಸ್ ಓಡಾಡಲು ಸಣ್ಣ ಕಾಲುವೆ ತೆಗೆಸಿ, ಪಿನ್ನಿಗೆ 0.05 ಮಿ.ಮೀ. ಸಡಿಲ ಬಿಡಿಸಿದೆ. ಅದೇ ಹೊತ್ತಿಗೆ ರಬ್ಬರ್ ರೋಲರ್ ಪೀಣ್ಯಕ್ಕೆ ಹೋಗಿ 119 ಮಿ.ಮೀ. ಆಗಿ ವಾಪಸ್ ಬಂತು.

ಎಲ್ಲ ಕೂರಿಸಿ, ಮಾರನೇ ದಿನ ಮತ್ತೆ ಕಾರ್ಬನ್ ಪೇಪರ್. ರೋಲರ್ 1 ಮಿ.ಮೀ. ಸಣ್ಣದಾಗಿದ್ದರಿಂದ ಸ್ಟಾಪರ್ ಬೋಲ್ಟ್ ಎರಡೂ ಕಡೆ ಹೊಸದಾಗಿ ಇಡಬೇಕಾಯಿತು. 3.5 ಬಾರ್‌ನಲ್ಲಿ ಎಡ 8, ನಡು 8, ಬಲ 8. ಮತ್ತೆ ಮತ್ತೆ ಒತ್ತಿದರೂ 8. ಲಾಕ್ ನಟ್ ಬಿಗಿದು ಅದರ ಮೇಲೆ ಬಣ್ಣದ ಗೆರೆ ಎಳೆದೆ. ಯಾರಾದರೂ ತಿರುಗಿಸಿದರೆ ಗೆರೆ ತಪ್ಪಿ ಗೊತ್ತಾಗುತ್ತದೆ.

8. ಹೀಟ್, ಫಿಲ್ಮ್ ಬ್ರೇಕ್

ಬೀಗ ತೆಗೆಯುವ ಮೊದಲು ಪಾನಾಗಳನ್ನು ಎಣಿಸಿ ಪೆಟ್ಟಿಗೆಗೆ ಹಾಕಿ, ಎಲ್ಲ ಗಾರ್ಡ್ ಕೂರಿಸಿ, ಇಬ್ಬರ ಹೆಸರು ಕೂಗಿ ಹೊರಗಿದ್ದಾರೆ ಎಂದು ನೋಡಿಕೊಂಡೆ. ಮೊದಲು ಜಾಗ್ ಬಟನ್ನಿನಲ್ಲಿ ಇಂಚಿಂಚು, ಆಮೇಲೆ ನಿಧಾನ ಸ್ಪೀಡಿನಲ್ಲಿ ತಣ್ಣಗೇ ಓಡಿಸಿದೆವು.

ಹೊಳೆಯುವ ಕ್ರೋಮ್ ರೋಲರಿಗೆ ಇನ್‌ಫ್ರಾರೆಡ್ ಗನ್ ಹಿಡಿದರೆ ತಪ್ಪು ಅಂಕಿ ತೋರಿಸುತ್ತದೆ, ನಿಜಕ್ಕಿಂತ ತುಂಬ ಕಡಿಮೆ. ಅದನ್ನು ನಂಬಿ ಹೀಟ್ ಏರಿಸಿದವರು ಬಹಳ ಜನ. ಫಿಲ್ಮ್ ಹಾಯದ ತುದಿಯಲ್ಲಿ ಬಿಸಿ ತಡೆಯುವ ಕಪ್ಪು ಟೇಪಿನ ತುಂಡು ಅಂಟಿಸಿ, ರೋಲರ್ ನಿಲ್ಲಿಸಿ, ಅದರ ಮೇಲೆ ಹಿಡಿದೆ. ಪ್ಯಾನೆಲ್ 105 ತೋರಿಸುವಾಗ ಎಡ 102, ಬಲ 101. ಸಾಕು. 24 ಮೈಕ್ರಾನ್ ಗ್ಲಾಸಿ (ಹೊಳಪಿನ) ಫಿಲ್ಮಿಗೆ 105ರಲ್ಲೇ ಕೆಲಸ ಆಗುತ್ತದೆ.

ಫಿಲ್ಮ್ ರೋಲಿನ ಬ್ರೇಕಿಗೆ ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ಇರುತ್ತದೆ. ಕಿರುಗುಟ್ಟುತ್ತದೆ ಎಂದು ಅಲ್ಲಿಗೆ ಎಣ್ಣೆ ಬಿಡುವವರಿದ್ದಾರೆ. ಬಿಡಬಾರದು. ಫೆಲ್ಟ್ ಜಾರಿದರೆ ಟೆನ್ಶನ್ ಏರುಪೇರಾಗಿ ಸುಕ್ಕು ಬರುತ್ತದೆ. ಎಣ್ಣೆ ತಾಗಬಾರದ ಜಾಗಗಳು ನಮ್ಮ ಮೆಷಿನ್ನಿನಲ್ಲಿ ನಾಲ್ಕು: ಈ ಫೆಲ್ಟ್, ರಬ್ಬರ್ ರೋಲರ್, ಕ್ರೋಮ್ ಮೈ, ಫೀಡ್ ಟೇಬಲ್ಲಿನ ಬೆಲ್ಟ್. ನಾಲ್ಕಕ್ಕೂ ಕೆಂಪು ಸ್ಟಿಕ್ಕರ್ ಹಾಕಿದ್ದೇವೆ, ಎಣ್ಣೆ ಬೇಕಾದ ಕಡೆ ಹಳದಿ. ಬ್ರೇಕನ್ನು ಪೂರ್ತಿ ಸಡಿಲಿಸಿ, ಫಿಲ್ಮ್ ಮೇಲಿನ ಸುಕ್ಕು ಹೋಗುವಷ್ಟು ಮಾತ್ರ ಬಿಗಿ ಮಾಡಿದೆವು. ಅದಕ್ಕಿಂತ ಜಾಸ್ತಿ ಎಳೆದರೆ ಶೀಟ್ ಸುರುಳಿಯಾಗುತ್ತದೆ.

9. ಓಡಿಸಿ ನೋಡಿದ್ದು, ಖರ್ಚು

ಮೊದಲ ಶೀಟುಗಳಲ್ಲಿ ಬೆಳ್ಳಿ ಚುಕ್ಕೆ ಇಲ್ಲ, ಗೆರೆ ಇಲ್ಲ. ಒಂದು ದಿನ ಬಿಟ್ಟು ಫಿಲ್ಮಿಗೆ ಬ್ಲೇಡಿನಲ್ಲಿ ಅಡ್ಡ ಗೀರು ಹಾಕಿ, ಸೆಲ್ಲೋಟೇಪ್ ಅಂಟಿಸಿ ಜಗ್ಗಿದೆ. ಎಡ ಅಂಚಿನಲ್ಲೂ ಫಿಲ್ಮಿನ ಜೊತೆ ಇಂಕೇ ಕಿತ್ತು ಬಂತು, ಅಷ್ಟು ಹಿಡಿದಿದೆ. ಗಾಢ ನೀಲಿ ಬಣ್ಣದ ಒಂದು ಕವರಿನಲ್ಲಿ ಮಾತ್ರ ಅಲ್ಲಲ್ಲಿ ಚುಕ್ಕೆ ಉಳಿದಿದೆ. ಅದು ಸ್ಪ್ರೇ ಪೌಡರ್ ಜಾಸ್ತಿ ಬಿದ್ದ ಲಾಟ್, ಮುಟ್ಟಿದರೆ ಕೈಗೆ ಹತ್ತುತ್ತದೆ. ಮೆಷಿನ್ನಿನಲ್ಲಿ ಸರಿ ಮಾಡುವಂಥದ್ದಲ್ಲ, ಪ್ರಿಂಟರ್‌ಗೆ ಹೇಳಿದ್ದೇವೆ.

ಖರ್ಚು: ಚೈನ್ 1,150, ಲಾಕ್ ಲಿಂಕ್ 30, ಗ್ರೀಸ್ ಅರ್ಧ ಕೆ.ಜಿ. 420, ಗೇರ್ ಎಣ್ಣೆ 380, ಚೈನ್ ಎಣ್ಣೆ 260, ನಿಪ್ಪಲ್ 60, ತಾಮ್ರದ ಪೈಪ್ ಮತ್ತು ಫಿಟಿಂಗ್ 240, ಬುಶ್ 350, ರಬ್ಬರ್ ಗ್ರೈಂಡಿಂಗ್ 2,600, ಬೀಗ 180. ಒಟ್ಟು 5,670 ರೂ. ಅರ್ಧದಷ್ಟು ಹಣ ಹೋಗಿದ್ದು ಗ್ರೀಸ್ ಹತ್ತಿ ಹಾಳಾದ ಆ ರಬ್ಬರ್ ರೋಲರಿಗೆ.

ಹೊಸ ಚೈನ್ ಮೊದಲ ದಿನಗಳಲ್ಲಿ ಬೇಗ ಹಿಗ್ಗುತ್ತದೆ. ಸುಮಾರು 50 ಗಂಟೆ ಓಡಿದ ಮೇಲೆ ಮತ್ತೆ ಬೀಗ ಹಾಕಿ ಅಳೆದಾಗ ಆಟ 12ರಿಂದ 17 ಮಿ.ಮೀ. ಆಗಿತ್ತು. 12ಕ್ಕೆ ತಂದು ಬಿಗಿದೆವು. ಕಾರ್ಬನ್ ಪಟ್ಟಿ ಇನ್ನೂ ಮೂರೂ ಕಡೆ 8 ಇದೆ. ಗೇರ್ ಬಾಕ್ಸಿನ ಹೊರ ಸೀಲಿನಲ್ಲಿ ದಾರ ಕಚ್ಚಿದ್ದ ಜಾಗದಿಂದ ಮಾತ್ರ ದಿನಕ್ಕೊಂದು ಹನಿ ಎಣ್ಣೆ ಬೀಳುತ್ತಿದೆ. ಕೆಳಗೆ ತಟ್ಟೆ ಇಟ್ಟಿದ್ದೇವೆ, ಸೀಲ್ ತರಿಸಿದ್ದೇವೆ. ನೋಟ್‌ಬುಕ್ ಕೆಲಸ ಮುಗಿದ ಮೇಲೆ ಹಾಕಬೇಕು.